ಮೇ ತಿಂಗಳ ದ್ವೀಪದಲ್ಲಿ ಮೆಲ್ಬರ್ನಿನ ಅಕ್ಕ

ಜುಲೈನಲ್ಲಿ ಗ್ರೀಸಿಗೆ ಹೋಗುವವರು ಶುದ್ಧ ದಡ್ಡರು ಅಂತ ನನ್ನಕ್ಕ ತೀರ್ಮಾನ ಮಾಡಿದ್ದಳು. "ಮೇ ಕೊನೇಲಿ ಹೋಗೋಣ ಕಣೇ. ರಶ್ ಇರಲ್ಲ." ಅವಳು ಮೆಲ್ಬರ್ನಿನ ಕ್ಲೈಡ್ ನಾರ್ತ್‌ನವಳು, ನಾನು ಸಿಡ್ನಿಯ ಟೂಂಗಾಬಿಯವಳು. ಮೈಸೂರಿನಲ್ಲಿ ಒಂದೇ ಕೋಣೆಯಲ್ಲಿ ಬೆಳೆದರೂ ಆಸ್ಟ್ರೇಲಿಯಾಕ್ಕೆ ಬಂದಮೇಲೆ ಇಬ್ಬರೂ ನಮ್ಮ ನಮ್ಮ ಊರಿನ ವಕೀಲರಾಗಿಬಿಟ್ಟಿದ್ದೇವೆ. ಗಂಡಂದಿರನ್ನೂ ಮಕ್ಕಳನ್ನೂ ಬಿಟ್ಟು ಇಬ್ಬರೇ ಹೊರಟದ್ದು ಅದೇ ಮೊದಲು.

ರಶ್ ಇರಲಿಲ್ಲ, ನಿಜ. ಆ ಪುಟ್ಟ ದ್ವೀಪದಲ್ಲಿ ಹಡಗಿನಿಂದ ಇಳಿದದ್ದು ನಾವಿಬ್ಬರು ಮತ್ತು ಒಂದು ಫ್ರಿಜ್. ದಂಡೆಯ ಹೋಟೆಲುಗಳಲ್ಲಿ ಕುರ್ಚಿಗಳಿನ್ನೂ ಮೇಜಿನ ಮೇಲೆ ಕಾಲು ಮೇಲೆ ಮಾಡಿಕೊಂಡು ಮಲಗಿದ್ದವು. ಎಲ್ಲಿ ನೋಡಿದರೂ ಸುಣ್ಣ ಬಳಿಯುವವರು.

"ಎಷ್ಟು ಶಾಂತವಾಗಿದೆ ನೋಡು" ಅಂದಳು ಅಕ್ಕ.

"ಹೂಂ, ಅಡುಗೆಮನೆಗಳೂ ಶಾಂತವಾಗಿವೆ" ಅಂದೆ.

ನಾವು ಬುಕ್ ಮಾಡಿದ್ದ ಮನೆಯ ಒಡತಿ ಎಂಬತ್ತರ ಹತ್ತಿರದ ಅಜ್ಜಿ. ಪಾಸ್‌ಪೋರ್ಟ್ ನೋಡಿದ್ದೇ ಮುಖ ಅರಳಿತು. "ಆಸ್ಟ್ರೇಲಿಯಾ? ಯಾವ ಸಬರ್ಬ್?" ಮೆಲ್ಬರ್ನಿನ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದವರಂತೆ. ಅಕ್ಕ ಕ್ಲೈಡ್ ನಾರ್ತ್ ಅಂದಳು. "ನನ್ನ ಕಾಲದಲ್ಲಿ ಅಲ್ಲಿ ಬರೀ ಹಸು ಮೇಯ್ತಿದ್ವು!" ಅಂತ ಅಜ್ಜಿ ಅವಳನ್ನು ತಬ್ಬಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು?"

"ಸಿಡ್ನಿ."

"ಪರವಾಗಿಲ್ಲ ಬಿಡು" ಅಂದರು, ಕಾಯಿಲೆಯವರಿಗೆ ಸಮಾಧಾನ ಹೇಳುವ ಹಾಗೆ.

ಅಕ್ಕನಿಗೆ ಸಮುದ್ರ ಕಾಣುವ ಕೋಣೆ ಸಿಕ್ಕಿತು. ನನಗೆ ಹಿತ್ತಲ ಕೋಣೆ, ಪಕ್ಕದಲ್ಲೇ ಕೋಳಿಗೂಡು.

ಸಮುದ್ರದಲ್ಲಿ ಈಜುತ್ತೇನೆಂದು ಅಕ್ಕ ಮೆಲ್ಬರ್ನಿನ ವಾಕಿಂಗ್ ಗೆಳತಿಯರಿಗೆಲ್ಲ ಸಾರಿ ಬಂದಿದ್ದಳು. ಮರುದಿನ ಬೆಳಿಗ್ಗೆ ಮೊಣಕಾಲಿಗೆ ನೀರು ಮುಟ್ಟಿದ್ದೇ "ಅಯ್ಯಯ್ಯಪ್ಪಾ!" ಅಂತ ಕೂಗಿದ ಕೂಗಿಗೆ ಗೋಡೆ ಮೇಲಿದ್ದ ಸುಣ್ಣದವರು ಬ್ರಷ್ ನಿಲ್ಲಿಸಿ ನೋಡಿದರು. "ಕತ್ತಿನವರೆಗೂ ನೀರಲ್ಲಿರೋ ಹಾಗೆ ಫೋಟೋ ತೆಗಿ" ಅಂತ ನನಗೆ ಆರ್ಡರ್ ಆಯಿತು. ಅಲೆಯ ಹಿಂದೆ ಅವಳ ಮೈ ಮರೆಯಾಗಲೆಂದು ನಾನು ಮರಳಲ್ಲಿ ಹೊಟ್ಟೆ ಮೇಲೆ ಮಲಗಬೇಕಾಯಿತು.

ಮೂರನೇ ದಿನ ಅಜ್ಜಿಯ ಮನೆಗೆ ಬಣ್ಣ ಹೊಡೆಯುತ್ತಿದ್ದವನು ಬರಲಿಲ್ಲ. ಅಜ್ಜಿ ಸಂಕೋಚವೇ ಇಲ್ಲದೆ ಬ್ರಷ್ಷನ್ನು ಅಕ್ಕನ ಕೈಗಿಟ್ಟರು. ತನ್ನ ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಜನ ಕರೆಸುವ ನನ್ನಕ್ಕ ಏಣಿ ಹತ್ತಿ ಕಿಟಕಿಗೆ ನೀಲಿ ಬಳಿಯತೊಡಗಿದಳು. ನಾನು ಏಣಿ ಹಿಡಿದು ನಗುತ್ತಿದ್ದೆ.

"ರಿಟೈರ್ ಆದಮೇಲೆ ನಿನ್ನೂರಿಗೆ ವಾಪಸ್ ಹೋಗ್ತೀಯಾ?" ಅಂತ ಅಜ್ಜಿ ಕೆಳಗಿನಿಂದ ಕೇಳಿದರು.

ಎಲ್ಲದಕ್ಕೂ ಉತ್ತರ ಸಿದ್ಧವಿರುವ ಅಕ್ಕ ಬಳಿದ ಕಡೆಯೇ ಮತ್ತೆ ಬಳಿದಳು. ನನ್ನ ನಗುವೂ ನಿಂತಿತು.

"ನಾನು ಬಂದೆ. ಮೊದಲನೇ ವರ್ಷ ಮೆಲ್ಬರ್ನಿನ ಟ್ರ್ಯಾಮಿನ ಗಂಟೆ ನೆನೆಸ್ಕೊಂಡು ಅಳ್ತಿದ್ದೆ. ಮಗಳು ಅಲ್ಲೇ ಇದಾಳೆ" ಅಂದರು ಅಜ್ಜಿ. ಹಾಗೇ, "ಆ ಮೂಲೆ ಬಿಟ್ಟುಹೋಯ್ತು ನೋಡು" ಅಂತ ತೋರಿಸಿದರು.

ಹೊರಡುವ ದಿನ ಬೆಟ್ಟದಿಂದ ತಂದು ಒಣಗಿಸಿದ ಒರೆಗಾನೊ ಸೊಪ್ಪನ್ನು ಪೇಪರಿನಲ್ಲಿ ಸುತ್ತಿ, ಮಗಳಿಗೆ ಮುಟ್ಟಿಸಲು ಅಕ್ಕನ ಕೈಗೇ ಕೊಟ್ಟರು. ನಾನು ಸಿಡ್ನಿಯ ವಿಮಾನ ಹಿಡಿದೆ. ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ಅಕ್ಕ ತಂದ ಸಾಮಾನು ತಪಾಸಣೆಗೆ ತೋರಿಸುವ ಕೆಂಪು ಲೈನಿಗೆ ಹೋಗಿ, ಸೊಪ್ಪು ತೋರಿಸಿ, ಅಜ್ಜಿಯ ಕತೆಯನ್ನು ಏಣಿ ಸಮೇತ ಒಪ್ಪಿಸಿದಳಂತೆ. ಅಧಿಕಾರಿ ಬೀಜ, ಹುಳ ಇದೆಯಾ ಅಂತ ಹುಡುಕಿ, ಮೂಸಿ, ಇವಳ ಮಾತು ಮುಗಿಯುವ ಮೊದಲೇ ಕಳಿಸಿಬಿಟ್ಟನಂತೆ.

ಆ ಭಾನುವಾರ ಅವಳು ನಗರದ ಇನ್ನೊಂದು ತುದಿಗೆ, ಆ ಮಗಳ ಮನೆಗೆ ಹೋದಳು. ಏನಾಯಿತೋ ಅಂತ ಸಂಜೆ ಫೋನ್ ಮಾಡಿದೆ. ಹಿಂದೆ ತಟ್ಟೆಗಳ ಸದ್ದು, ಹತ್ತಾರು ಜನರ ನಗು.

"ಊಟ ಮಾಡ್ತಿದೀನಿ ಕಣೇ, ನಾನೇ ಆಮೇಲೆ ಮಾಡ್ತೀನಿ" ಅಂದಳು.

ಮಾಡಿದ್ದು ಮಂಗಳವಾರ.