ಸೆಲ್ವಿಯ ಹೊಂಗೆ ಗಿಡಗಳು

ಸೆಲ್ವಿ, ಗುಡ್ಡದ ಇಳಿಜಾರಿನಲ್ಲಿ ನೀನು ಬೆಳೆಸಿದ ಹೊಂಗೆ ಗಿಡಗಳನ್ನು ಕಡಿದವಳು ನಾನು. ನಿನ್ನ ಕೂಲಿ ಲೈನಿನ ಜನರಲ್ಲ — ನೀನು ಅಕ್ಕಾ ಎಂದು ಕರೆಯುತ್ತಿದ್ದ ಈ ಮುನಿಯಮ್ಮ.

ಐವತ್ತರ ದಶಕದಲ್ಲೂ ಚಿನ್ನದ ಗಣಿ ಕೆಲಸಕ್ಕೆ ತಮಿಳು ಸೀಮೆಯಿಂದ ಜನ ಬರುತ್ತಲೇ ಇದ್ದರು. ಅವರ ಒಲೆಗಳಿಗೆ ನಮ್ಮ ಗುಡ್ಡ ಬೋಳಾಯಿತು. ಕಡಿದವರು ಅವರಷ್ಟೇ ಅಲ್ಲ. ನನ್ನ ಗಂಡನೂ ಗಾಡಿಗಟ್ಟಲೆ ಸೌದೆ ರಾಬರ್ಟ್‌ಸನ್‌ಪೇಟೆಗೆ ಹೊಡೆದು ಮಾರಿದ. ಕೊನೆಗೆ ಅರಣ್ಯದವರು ಮುಳ್ಳುಬೇಲಿ ಹಾಕಿ ಸಸಿ ನೆಟ್ಟರು. ನೀರು ಹೊರಲು ಊರಿನಿಂದ ನನ್ನನ್ನು, ಮೈಸೂರು ಮೈನ್ಸ್‌ನ ಕೂಲಿ ಲೈನಿನ ಸಾಲುಮನೆಗಳಿಂದ ನಿನ್ನನ್ನು ಇಟ್ಟುಕೊಂಡರು.

ಗುಡ್ಡದ ಬುಡದ ಒಂದೇ ಕುಂಟೆಯ ನೀರು, ಒಂದೇ ಮಣ್ಣು — ನಿನ್ನ ಸಾಲು ಚಿಗುರಿತು, ನನ್ನದು ಸೊರಗಿತು. ಬಿಸಿಲೇರಿದರೂ ನೀನು ಇನ್ನೊಂದು ಕೊಡ ಹೊರುತ್ತಿದ್ದೆ, ನಾನು ನೆರಳು ಹುಡುಕುತ್ತಿದ್ದೆ. ಅದು ಗೊತ್ತಿದ್ದೂ... ನನ್ನ ಮಗಳು ಕೂಡ ನಿನ್ನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಹುಟ್ಟಿದ ಮಣ್ಣು ನನ್ನದು, ಮೆಚ್ಚುಗೆ ನಿನಗೆ! ಗಿಡಗಳ ಕಾವಲಿನ ಕಾಯಂ ಕೆಲಸ ಸೆಲ್ವಿಗೇ ಎಂದು ಅರಣ್ಯದ ಗಾರ್ಡು ಹೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಬೆಳಕು ಹರಿಯುವಾಗ ಮಚ್ಚು ಹಿಡಿದು ಹೋದೆ. ನಿನ್ನಷ್ಟೇ ಎತ್ತರ ಬೆಳೆದಿದ್ದ ಗಿಡಗಳು. ಒಂದೊಂದು ಉರುಳಿದಾಗಲೂ — ಹೇಗೆ ಹೇಳಲಿ — ಹಿತವೆನಿಸಿತು. ಹೊರೆ ಕಟ್ಟಿ ಲೈನಿನ ದಾರಿಯಲ್ಲಿ ಎಸೆದೆ.

ಗಾರ್ಡು ಬಂದಾಗ ನೀನು ನನ್ನ ಕೈ ಹಿಡಿದುಕೊಂಡೆ. "ಅಕ್ಕಾ, ನೀನಾದ್ರೂ ಯೋಳು. ನಮ್ಮೋರು ಮಾಡ್ಲಿಲ್ಲ, ಸತ್ಯಮಾ ಮಾಡ್ಲಿಲ್ಲ."

ನಾನು ಕೈ ಬಿಡಿಸಿಕೊಂಡೆ. "ಇವಳ ಕಡೆಯೋರೇ ಸ್ವಾಮಿ. ನನ್ನ ಕಂಡು ಸೌದೆ ಬಿಸಾಕಿ ಓಡೋದ್ರು. ಕಣ್ಣಾರೆ ಕಂಡೆ."

ಹೊರಗಿನಿಂದ ಬಂದವರ ಮೇಲಿನ ಮಾತು — ಯಾರೂ ಮತ್ತೊಮ್ಮೆ ಕೇಳಲಿಲ್ಲ. ನಿನ್ನ ಕೆಲಸ ಹೋಯಿತು. ಬೇಲಿಯ ಹತ್ತಿರ ಸುಳಿದ ಲೈನಿನ ಹೆಂಗಸರಿಗೆ ನಮ್ಮೂರಿನವರು ಕಲ್ಲು ಬೀರಿದರು. ಸ್ವಲ್ಪ ದಿನಕ್ಕೆ ನೀನು ಗಂಡನ ಜೊತೆ ಮಾರಿಕುಪ್ಪಂನಲ್ಲಿ ರೈಲು ಹತ್ತಿದೆಯಂತೆ. ಎಲ್ಲಿಗೆ — ಇಂದಿಗೂ ಗೊತ್ತಿಲ್ಲ.

ಕಾವಲು ನನಗೆ ಸಿಕ್ಕಿತು. ಕಡಿದ ಬುಡಗಳು ಮತ್ತೆ ಚಿಗುರಿದವು. ನಾನು ನೀರು ಹಾಕಲಿಲ್ಲ. ಊರ ಮೇಕೆಗಳು ನುಗ್ಗಿದರೆ ಅಟ್ಟಲೂ ಇಲ್ಲ. ಚಿಗುರಿದರೂ ಅವು ನಿನ್ನವೇ ಅಲ್ಲವೇ? ಕೆಲವೇ ಮಳೆಗಾಲಗಳಲ್ಲಿ ಗುಡ್ಡದ ಮಣ್ಣೆಲ್ಲ ಕುಂಟೆಗೆ ಇಳಿದು ಕುಂಟೆ ಹೂತುಹೋಯಿತು. ಅರಣ್ಯದವರು ನೆಡುವುದನ್ನೇ ಕೈಬಿಟ್ಟರು.

"ಲೈನ್‌ನೋರು ಬಂದು ಗುಡ್ಡ ತಿಂದಾಕ್ಬುಟ್ರು" ಎಂದು ಊರಲ್ಲಿ ಈಗಲೂ ಅನ್ನುತ್ತಾರೆ. ಇಷ್ಟು ವರ್ಷ ನಾನೂ ತಲೆಯಾಡಿಸಿದೆ. ಮೊನ್ನೆ ಅರಳಿಕಟ್ಟೆಯ ಹತ್ತಿರ ಯಾರೋ ಅದನ್ನೇ ಅಂದಾಗ ಹೇಳಿಬಿಟ್ಟೆ — "ಅವರಲ್ಲ, ಗಿಡ ಕಡಿದೋಳು ನಾನು." ಮುದುಕಿಗೆ ಅರಳುಮರಳು ಎಂದು ನಕ್ಕರು.

ನಾಳೆಯೂ ಹೇಳುತ್ತೇನೆ ಸೆಲ್ವಿ. ಅವರು ನಗುವುದನ್ನು ನಿಲ್ಲಿಸುವವರೆಗೆ ಹೇಳುತ್ತೇನೆ.