ಖಾಸರನ ಬೋಗುಣಿ

ನನ್ನ ಗಂಡ ಲುವ್ಸನ್‌ದಾಶ್ ಕುಡಿತ ಬಿಟ್ಟು ಮೂರು ಚಳಿಗಾಲ ಕಳೆದಿದ್ದವು. ಬಿಟ್ಟವನು ಅವನು, ಕಾವಲು ಕಾದವಳು ನಾನು. ಡೇರೆಯಲ್ಲಿದ್ದ ಅರ್ಖಿ ಸಾರಾಯಿಯ ಬಾಟಲಿಗಳನ್ನೆಲ್ಲ ಬರಿದು ಮಾಡಿ, ಈ ಕಣಿವೆಯಲ್ಲಿ ಯಾರೂ ಅವನಿಗೆ ಒಂದು ಗುಟುಕು ಕೊಡಕೂಡದೆಂದು ಎಲ್ಲರಿಗೂ ಹೇಳಿಬಂದಿದ್ದೆ. ಬಜಾರಿ ಅಂತ ಹೆಸರು ಬಂತು. ಬರಲಿ. ಕುಡಿದು ಕುದುರೆಯಿಂದ ಹಿಮದಲ್ಲಿ ಬಿದ್ದವನ ಮೇಲೆ ನಮ್ಮ ನಾಯಿ ಖಾಸರ್ ಬೆಳಗಿನವರೆಗೆ ಮಲಗಿರದಿದ್ದರೆ ನಾನು ಅವತ್ತೇ ವಿಧವೆಯಾಗಿರುತ್ತಿದ್ದೆ.

ಚಳಿಗಾಲದ ಬೀಡಿಗೆ ಹೊರಡುವ ಹೊತ್ತಿಗೆ ಲಾರಿ ಪ್ರತಿ ಏರಿನಲ್ಲೂ ಕುದಿಯತೊಡಗಿತು. ಥರ್ಮೋಸ್ಟಾಟ್ ಕಚ್ಚಿಕೊಂಡಿದೆ ಅಂದ ಲುವ್ಸನ್. ಇಂಜಿನ್ ಕಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಪುಟ್ಟ ಬಾಗಿಲು ಅದು. ಹೊಸದನ್ನು ತಂದು ಡೇರೆಯ ಮುಂದೆಯೇ ಬಿಚ್ಚಲು ಕೂತ.

"ಹಳೇ ಕೂಲಂಟ್ ಬಸೀಬೇಕು. ಒಂದು ಪಾತ್ರೆ ಕೊಡು."

"ಹಾಲಿನ ಪಾತ್ರೆ ಮುಟ್ಟಿದ್ರೆ ಕೈ ಮುರೀತೀನಿ. ನೆಲಕ್ಕೂ ಬಿಡಬೇಡ, ಭೂಮಿ ಮುನಿಸ್ಕೊಳ್ಳತ್ತೆ."

"ಮತ್ತೇನು, ಬಾಯಲ್ಲಿ ಹಿಡೀಲಾ?"

ಖಾಸರನಿಗೆ ಎಲುಬಿನ ಸಾರು ಹಾಕುವ ಬೋಗುಣಿಯನ್ನು ಅವನ ಮುಂದೆ ಎಸೆದೆ. ಹೊಲಸಾದರೂ ಚಿಂತೆಯಿಲ್ಲದ ಪಾತ್ರೆ ನಮ್ಮಲ್ಲಿ ಅದೊಂದೇ.

ಅವನು ಅದಕ್ಕೆ ಕೂಲಂಟ್ ಬಸಿದಿಟ್ಟು, ಸ್ಪ್ಯಾನರ್ ಹುಡುಕಲು ಒಳಗೆ ಬಂದು, ಒಂದು ಬಟ್ಟಲು ಚಹಾ ಕುಡಿದು ಹೋಗುವಷ್ಟರಲ್ಲಿ ಖಾಸರ್ ತನ್ನ ಬೋಗುಣಿಯನ್ನು ಅರ್ಧ ಖಾಲಿ ಮಾಡಿ ಮೂತಿ ನೆಕ್ಕಿಕೊಳ್ಳುತ್ತಿದ್ದ. ಇಂಜಿನ್ ತಂಪಿಡುವ ಆ ಹಸಿರು ನೀರು ಸಿಹಿ. ನಾಯಿಗೆ ಅದು ವಿಷ ಎಂದು ಇಬ್ಬರಿಗೂ ಗೊತ್ತಿತ್ತು.

ಫೋನ್ ಸಿಗುವುದು ಹಿಂದಿನ ಬಂಡೆಯ ಮೇಲೆ ಮಾತ್ರ. ಲುವ್ಸನ್ ಹತ್ತಿಹೋಗಿ ಪಶುವೈದ್ಯೆ ಸರಂಗೋಳ ಹತ್ತಿರ ಮಾತಾಡಿ ಇಳಿದು ಬಂದ. ನನ್ನ ಮುಖ ನೋಡಲಿಲ್ಲ.

"ಅರ್ಖಿ ಕುಡಿಸ್ಬೇಕಂತೆ. ನೀರು ಬೆರೆಸಿ ಅರ್ಧ ಲೋಟ. ವಿಷ ಏರೋದನ್ನ ಅದು ತಡೆಯತ್ತಂತೆ. ಅಷ್ಟರಲ್ಲಿ ಅವಳ ಹತ್ರ ತಲುಪಿಸ್ಬೇಕು." ಬಂಡೆಯ ಕಡೆ ಕೈ ತೋರಿಸಿ, "ನಾನು ಕಟ್ಟಿ ಹೇಳ್ತಿಲ್ಲ, ದುಲ್ಮಾ. ಬೇಕಾದ್ರೆ ನೀನೇ ಕೇಳು" ಅಂದ.

ನಾನು ಕೇಳಲಿಲ್ಲ. ಕುದುರೆ ಹತ್ತಿ ಗುಡ್ಡದಾಚೆಯ ಗೊಂಬೊ ಅಜ್ಜನ ಡೇರೆಗೆ ಓಡಿಸಿದೆ.

"ಯಾರಿಗೆ? ನಾಯಿಗಾ?" ಮುದುಕ ಪೆಟ್ಟಿಗೆ ತೆರೆಯುತ್ತಾ ನಕ್ಕ. "ಒಳ್ಳೇ ನೆಪ ಕಲ್ತಿದಾನೆ ನಿನ್ನ ಗಂಡ."

ಬಾಟಲಿ ಕಸಿದುಕೊಂಡು ಬಂದೆ. ಖಾಸರ್ ಆಗಲೇ ತೂರಾಡುತ್ತಿದ್ದ. ಅವನ ದವಡೆ ಬಿಡಿಸಲು ಲುವ್ಸನ್‌ಗೆ ಮಾತ್ರ ಸಾಧ್ಯ, ಬೇರೆಯವರು ಬೆರಳು ಕಳೆದುಕೊಳ್ಳಬೇಕಷ್ಟೆ. ಲಾರಿಯೋ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಬಾಟಲಿಯನ್ನು ಅವನ ಕೈಗೆ ನಾನೇ ಕೊಟ್ಟೆ. "ಲಾರಿ ನಾನು ಮುಗಿಸ್ತೀನಿ" ಅಂದೆ. ಅವನು ನಾಯಿಯನ್ನು ಎತ್ತಿಕೊಂಡು ಒಳಗೆ ಹೋದ. ಗಾಳಿಗೆ ಬಾಗಿಲು ಮುಚ್ಚಿಕೊಂಡಿತು.

ಹೊಸ ಥರ್ಮೋಸ್ಟಾಟನ್ನು ಸ್ಪ್ರಿಂಗ್ ಇಂಜಿನ್ ಕಡೆಗೆ ಬರುವಂತೆ ಕೂರಿಸಿ ಬೋಲ್ಟ್ ಬಿಗಿಯತೊಡಗಿದೆ. ಒಳಗೆ ಬಾಟಲಿ ಗಳಗಳ ಅಂದಿತು. ಸರಿ, ಅದು ನಾಯಿಗೆ. ತುಸು ಹೊತ್ತಿಗೆ ಮತ್ತೆ ಗಳಗಳ. ನನ್ನ ಕೈ ನಿಂತಿತು. ಎದ್ದು ಹೋಗಿ ನೋಡಿದರೆ ನಾಯಿಯ ಹೊತ್ತು ಹೋಗುತ್ತದೆ, ನೋಡದಿದ್ದರೆ ಗಂಡನೇ ಹೋಗಬಹುದು. ಹಲ್ಲು ಕಚ್ಚಿ ಉಳಿದ ಬೋಲ್ಟ್ ಬಿಗಿದು ಹೊಸ ಕೂಲಂಟ್ ಸುರಿದೆ. ಇಂಜಿನ್ ಶುರುಮಾಡಿ, ಮುಚ್ಚಳ ತೆರೆದಿಟ್ಟು ಕೊಳವೆ ಹಿಚುಕಿದೆ. ಒಳಗಿದ್ದ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಿತ್ತು. ಹಾಳಾದ ಗುಳ್ಳೆ ನಿಲ್ಲುತ್ತಲೇ ಇರಲಿಲ್ಲ.

ಅವನು ನಾಯಿಯನ್ನು ಹೊತ್ತು ಹೊರಗೆ ಬಂದಾಗ ಬಾಟಲಿ ತಳ ಕಂಡಿತ್ತು.

"ಅರ್ಧ ಲೋಟ ಅಂದಿದ್ಲು. ಉಳಿದಿದ್ದೆಲ್ಲಿ?"

"ವಾಂತಿ ಮಾಡ್ದ. ಮತ್ತೆ ಹಾಕ್ದೆ. ಮತ್ತೆ ಮಾಡ್ದ."

ಅವನ ಅಂಗಿ, ತೋಳು, ನಾಯಿಯ ಕೂದಲು, ಎಲ್ಲ ಅರ್ಖಿ ನಾರುತ್ತಿತ್ತು. ಅವನು ತಾನಾಗಿಯೇ ಮುಖವನ್ನು ನನ್ನ ಮೂಗಿನ ಹತ್ತಿರ ತಂದ. ಆ ನಾತದಲ್ಲಿ ಏನು ತಿಳಿಯಬೇಕು? "ಹತ್ತು" ಅಂದೆ. ಲಾರಿ ನಾನೇ ಓಡಿಸಿದೆ. ಏರಿನಲ್ಲಿ ಬಿಸಿಯ ಮುಳ್ಳು ಮೇಲೇರುತ್ತಾ ಹೋಗಿ ನಡುವಿಗೆ ಬಂದು ನಿಂತಿತು. ಇಂಜಿನ್ ಒಳಗಿನ ಪುಟ್ಟ ಬಾಗಿಲು ತೆರೆದಿತ್ತು.

ಸರಂಗೋ ಖಾಸರನ ಕಣ್ಣು ಬಿಡಿಸಿ ನೋಡಿದಳು, ಬಾಯಿ ಮೂಸಿದಳು, ಲುವ್ಸನ್ ಕಡೆ ತಿರುಗಿದಳು. "ಬಾಟ್ಲಿ ಪೂರ್ತಿ ಇವನ ಮೇಲೇ ಖರ್ಚು ಮಾಡಿದೀಯಲ್ಲ. ಒಳಗೆಷ್ಟು ಹೊರಗೆಷ್ಟೋ. ಬೇರೆಯವರಾಗಿದ್ರೆ ಒಂದ್ಸಲ ಹಾಕಿ ಬಿಡ್ತಿದ್ರು. ಉಳೀತಾನೆ ಬಿಡು."

ನಾನು ಗಂಡನ ನೆಂದ ತೋಳು ನೋಡಿದೆ. ಲುವ್ಸನ್ ನನ್ನತ್ತ ತಿರುಗಲೂ ಇಲ್ಲ.

ಅವಳು ಖಾಸರನನ್ನು ಅಮಲಿನಲ್ಲೇ ಇಟ್ಟು, ವಿಷ ಇಳಿದ ಮೇಲೆ ಕಳಿಸಿಕೊಟ್ಟಳು. ಡೇರೆಯ ಮುಂದೆ ಇಳಿಸಿದಾಗ ಅವನ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು. ಲುವ್ಸನ್ ಅವನ ಹೊಟ್ಟೆಯ ಕೆಳಗೆ ತೋಳು ಕೊಟ್ಟು ಬಾಗಿಲ ಕಡೆಗೆ ನಡೆಸುತ್ತಿದ್ದ.

"ನಡಿ ನಮ್ಮಪ್ಪ, ನಡಿ. ಬಾಗ್ಲು ಇಲ್ಲೇ ಇದೆ. ಬೈಯೋದೆಲ್ಲ ನಾಳೆ ಬೈತೀನಿ, ಇವತ್ತು ಮಲ್ಕೋ."

ಅವು ನನ್ನ ಮಾತುಗಳು. ಕುಡಿದು ಬಂದ ಲುವ್ಸನ್‌ನನ್ನು ಕುದುರೆಯಿಂದ ಇಳಿಸಿಕೊಂಡ ಒಂದೊಂದು ರಾತ್ರಿಯೂ ನಾನು ಹೇಳುತ್ತಿದ್ದುದು ಇದನ್ನೇ. ಆ ಅಮಲಿನಲ್ಲಿ ಅವನಿಗೆ ಒಂದೂ ಕೇಳಿಸಿರಲಿಲ್ಲ ಅಂದುಕೊಂಡಿದ್ದೆ.