ಚೌಕಟ್ಟಿನ ಮೇಲಿನ ಕೆಂಪು ಗೆರೆ

ಆ ಬಡಗಿಯನ್ನು ಬೀದಿಯವರೆಲ್ಲ ಹುಷಾರಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಅವನೇ ಮರೆತಂತಿದ್ದ. ಏಣಿ ಹತ್ತುವವರಿಗೆ ‘ಹುಷಾರು’, ಇಳಿಯುವವರಿಗೆ ‘ಹುಷಾರು’, ಬಿಸಿ ಚಹಾದ ಲೋಟಕ್ಕೆ ಕೈ ಹಾಕಿದವರಿಗೂ ‘ಹುಷಾರು’. ಹೊಸ ಬಾಗಿಲು ಕೂರಿಸಿ ಹೊರಡುವಾಗ ‘ನಮ್ಮ ಭಾವ ಆ ಬಾಗಿಲಿಗೂ ಹುಷಾರು ಹೇಳಿ ಬರ್ತಾರೆ’ ಎಂದು ಅವನ ಹೆಂಡತಿಯ ತಮ್ಮ ಎಲ್ಲರೆದುರೂ ಗೇಲಿ ಮಾಡುತ್ತಿದ್ದ.

ಹಾಗಂತ ಅವನನ್ನು ಪುಕ್ಕಲ ಎಂದರೆ ನಾನು ಒಪ್ಪುವುದಿಲ್ಲ. ಸೂರಿನ ತೊಲೆಯ ಮೇಲೆ ಬೆಕ್ಕಿನ ಹಾಗೆ ಓಡಾಡುವ ಮನುಷ್ಯ ಪುಕ್ಕಲ ಹೇಗಾಗುತ್ತಾನೆ? ಅವನ ಹೆದರಿಕೆ ಬೇರೆ ಥರದ್ದು. ಜಗತ್ತಿನಲ್ಲಿ ಏನೇ ನಿಂತಿದ್ದರೂ ಅದನ್ನು ಯಾರೋ ಒಬ್ಬ ನಿಲ್ಲಿಸಿರುತ್ತಾನೆ, ಆ ಒಬ್ಬನಿಗೂ ಅವತ್ತು ಜ್ವರ ಇದ್ದಿರಬಹುದು, ಹೆಂಡತಿ ಜೊತೆ ಜಗಳ ಆಗಿರಬಹುದು, ಊಟಕ್ಕೆ ಹೊತ್ತಾಗಿರಬಹುದು ಎನ್ನುವುದು ಅವನ ತಲೆಯಲ್ಲಿ ಗೂಡು ಕಟ್ಟಿ ಕೂತಿತ್ತು. ತಾನು ಬಿಗಿದ ಸ್ಕ್ರೂ ಬಿಟ್ಟು ಬೇರೆ ಯಾರ ಸ್ಕ್ರೂವನ್ನೂ ಅವನು ನಂಬುತ್ತಿರಲಿಲ್ಲ.

ಅಂಥವನ ಮನೆಗೆ ಆ ಭಾವಮೈದ ಒಂದು ಭಾನುವಾರ ಬೆಳಿಗ್ಗೆ ಬಂದು ಬೆಂಕಿ ಇಟ್ಟ. ಅವನು ಬಾಡಿಗೆ ವ್ಯಾನು ಓಡಿಸುವವನು, ಬಾಯಿಯೂ ವ್ಯಾನಿನಷ್ಟೇ ದೊಡ್ಡದು.

“ಅಕ್ಕಾ, ರಜೆಗೆ ಮಕ್ಕಳನ್ನ ಥೀಮ್ ಪಾರ್ಕಿಗೆ ಕರ್ಕೊಂಡು ಹೋಗೋಣ. ವ್ಯಾನು ನಂದು. ಒಂದು ರಾತ್ರಿ ಅಲ್ಲೇ ಉಳ್ಕೊಂಡು ಬರೋಣ. ಏನ್ ಭಾವ, ಹುಷಾರಾಗಿ ಓಡಿಸ್ತೀನಿ ಬಿಡಿ!”

ಹೇಳಿ ಮುಗಿಸುವ ಮೊದಲೇ ಮಗಳು ಮಂಚದಿಂದ ನೆಗೆದಿದ್ದಳು. ಒಂದನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ಎಲ್ಲರಿಗೂ ಪಟಾಕಿ. ಯಾಕೆ ಆ ಹೆಸರು ಎಂದು ಕೇಳುವವರು ಒಂದು ಗಂಟೆ ಅವಳ ಜೊತೆ ಇದ್ದರೆ ಸಾಕು. ಅವಳ ಹಿಂದೆಯೇ ಮೂರು ವರ್ಷದ ತಮ್ಮ ಗುಂಡ, ಯಾಕೆ ಕುಣಿಯಬೇಕೆಂದು ಗೊತ್ತಿಲ್ಲದಿದ್ದರೂ ಕುಣಿದ. ಅಕ್ಕ ಮಾಡಿದ್ದನ್ನು ಮಾಡುವುದೇ ಅವನ ಕಸುಬು.

ಮಕ್ಕಳ ಮಾವ ಫೋನಿನಲ್ಲಿ ವಿಡಿಯೋ ತೋರಿಸಿದ. ಹಸಿರು ಬಣ್ಣದ ಡ್ರ್ಯಾಗನ್ ರೈಲು ಕಂಬಿಯ ಮೇಲೆ ಏರಿ, ತುದಿಯಲ್ಲಿ ಒಂದು ಕ್ಷಣ ನಿಂತು, ಧಡಾರನೆ ಇಳಿಯುತ್ತಿತ್ತು. ಮಕ್ಕಳು ಕೈ ಎತ್ತಿ ಕಿರುಚುತ್ತಿದ್ದರು. ಪಟಾಕಿ ಕಣ್ಣು ಮಿಟುಕಿಸದೆ ನೋಡಿದಳು. ಹುಷಾರಪ್ಪ ನೋಡಿದ್ದು ರೈಲನ್ನಲ್ಲ, ಕಂಬಿ ಹೊತ್ತ ಕಂಬಗಳ ಬುಡವನ್ನು. ಅಲ್ಲಿ ಬೋಲ್ಟುಗಳು ಕಾಣುತ್ತಿದ್ದವು.

“ಈ ರೈಲಿಗೆ ಇಷ್ಟು ಎತ್ತರ ಇದ್ರೆ ಮಾತ್ರ ಹತ್ತಿಸ್ತಾರೆ. ಗೇಟಿನ ಹತ್ರ ಕರಡಿ ಗೊಂಬೆ ನಿಲ್ಸಿದ್ದಾರೆ, ಅದರ ಕೈ ಮುಟ್ಟಬೇಕು. ಎತ್ತರ ಎಷ್ಟು ಅಂತ ನಿಮ್ಮ ಫೋನಿಗೆ ಕಳಿಸಿದೀನಿ ಭಾವ, ಅಳೆದು ನೋಡಿ,” ಎಂದ ಮಾವ.

ಅಳತೆಯ ವಿಷಯಕ್ಕೆ ಆ ಮನೆಯಲ್ಲಿ ಒಂದು ಕಾನೂನಿತ್ತು. ಹೆಂಡತಿ ಹೊಲಿಗೆಯವಳು. ಒಳಕೋಣೆಯಲ್ಲಿ ಮಿಷಿನ್ನು, ಕೊರಳಲ್ಲಿ ಸದಾ ಟೇಪು. ಮದುವೆಯಾದ ಹೊಸದರಲ್ಲಿ ಕಿಟಕಿ ಪರದೆ ಗಿಡ್ಡವಾದಾಗ ತಪ್ಪು ಯಾರ ಟೇಪಿನದು ಎಂದು ಗಂಡಹೆಂಡಿರು ಮಾತು ಬಿಟ್ಟಿದ್ದರು. ಕೊನೆಗೆ ಅವಳೇ ರಾಜಿ ಮಾಡಿದಳು. ನೇತಾಡುವುದಕ್ಕೆಲ್ಲ ನನ್ನ ಟೇಪು, ನಿಲ್ಲುವುದಕ್ಕೆಲ್ಲ ನಿಮ್ಮ ಟೇಪು. ಮಕ್ಕಳು ನಿಲ್ಲುವ ಪೈಕಿ. ಹುಟ್ಟಿದಹಬ್ಬ ಬಂದಾಗಲೆಲ್ಲ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುವುದು, ಅಪ್ಪ ಕಿವಿಯಿಂದ ಪೆನ್ಸಿಲು ತೆಗೆದು ತಲೆ ಮೇಲೆ ಮೂಲೆಮಟ್ಟ ಇಟ್ಟು ಗೆರೆ ಹಾಕುವುದು. ಅಪ್ಪನ ಗೆರೆ ಅಂದರೆ ಗೆರೆ. ಅದರ ಮೇಲೆ ಅಪೀಲಿಲ್ಲ.

ಹೆಂಡತಿ ಅವತ್ತೇ ತಯಾರಿಗೆ ಇಳಿದಳು. ಮಕ್ಕಳಿಬ್ಬರಿಗೂ ದೂರದಿಂದಲೇ ಕಾಣುವ ಕಿತ್ತಳೆ ಬಣ್ಣದ ಅಂಗಿ, ಒಳಜೇಬಿನಲ್ಲಿ ಫೋನ್ ನಂಬರು ಹೊಲಿದ ಪಟ್ಟಿ. ಗುಂಡನಿಗೆ ವ್ಯಾನಿನಲ್ಲಿ ವಾಂತಿಯಾದರೆ ಬೇಕೆಂದು ಮೂರು ಜೊತೆ ಚಡ್ಡಿ. ಯಾರು ಯಾರ ಕೈ ಹಿಡಿಯಬೇಕು, ನೀರಿನ ಆಟ ಮೊದಲೋ ಆಮೇಲೋ, ಬಿಸಿಲಿಳಿಯುವ ತನಕ ಗುಂಡನನ್ನು ಎಲ್ಲಿ ಮಲಗಿಸಬೇಕು, ಎಲ್ಲಕ್ಕೂ ಅವಳ ಹತ್ತಿರ ಉತ್ತರವಿತ್ತು. ಹುಷಾರಪ್ಪನ ಹತ್ತಿರ ಇದ್ದದ್ದು ಪ್ರಶ್ನೆಗಳು ಮಾತ್ರ.

“ಅಲ್ವೇ, ಆ ರೈಲು ಮೇಲೆ ಹೋದಾಗ ಕರೆಂಟ್ ಹೋದ್ರೆ?”

“ಜನರೇಟರ್ ಇರುತ್ತೆ ಬಿಡ್ರೀ.”

“ಬೆಲ್ಟು ಬಿಚ್ಕೊಂಡ್ರೆ?”

“ರೀ, ದಿನಾ ಸಾವಿರಾರು ಮಕ್ಕಳು ಕೂತು ಇಳೀತಾವೆ. ನಿಮ್ಮ ಮಗಳು ಕೂತ್ರೆ ಮಾತ್ರ ಬೆಲ್ಟು ಬಿಚ್ಕೊಳುತ್ತಾ? ಸುಮ್ನೆ ನನ್ನ ತಲೆ ತಿನ್ಬೇಡಿ.”

ಅವನು ಸುಮ್ಮನಾದ. ಹೆದರಿಕೆ ಸುಮ್ಮನಾಗಲಿಲ್ಲ. ಕೆಲಸದ ಕೊಟ್ಟಿಗೆಯಲ್ಲಿ ಮರ ಕೊಯ್ಯುವಾಗಲೂ ಆ ಹಸಿರು ರೈಲು ತುದಿಯಲ್ಲಿ ನಿಂತುಬಿಡುತ್ತಿತ್ತು, ಒಳಗಿಂದ ಪಟಾಕಿ ಕೈ ಎತ್ತುತ್ತಿದ್ದಳು. ಹೋಗುವುದು ಬೇಡ ಎನ್ನೋಣವೆಂದರೆ ಹೆಂಡತಿ ಬಿಡುವುದಿಲ್ಲ, ಭಾವಮೈದನಂತೂ ಬೀದಿಗೆಲ್ಲ ಸಾರುತ್ತಾನೆ. ಹೋಗಲಿ, ಆ ರೈಲೊಂದು ಬೇಡ. ಮಗಳ ಜೀವ ಯಾರೋ ಕಾಣದವನು ಬಿಗಿದ ಬೋಲ್ಟಿನ ಮೇಲೆ ಬೇಡ.

ಹೆಂಡತಿ ಮಕ್ಕಳನ್ನು ಕರೆದುಕೊಂಡು ದಾರದ ಅಂಗಡಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಚೌಕಟ್ಟಿನ ಮುಂದೆ ನಿಂತ. ಫೋನು ನೋಡಿ ಸ್ಟೀಲ್ ಟೇಪು ಎಳೆದು ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟ. ಮಗಳ ಹೋದ ಹುಟ್ಟಿದಹಬ್ಬದ ಗೆರೆಗೂ ಆ ಚುಕ್ಕೆಗೂ ನೂಲಿನಷ್ಟೇ ಅಂತರ. ಅದಾಗಿ ಅವಳು ಬೆಳೆದಿದ್ದಾಳೆ. ಅಂದರೆ ಕರಡಿಯ ಕೈ ಮುಟ್ಟೇ ಮುಟ್ಟುತ್ತಾಳೆ, ರೈಲು ಹತ್ತೇ ಹತ್ತುತ್ತಾಳೆ. ಅವನು ಬಹಳ ಹೊತ್ತು ಆ ಚುಕ್ಕೆಯನ್ನೇ ನೋಡಿದ. ಆಮೇಲೆ ಹೆಬ್ಬೆರಳಿನಿಂದ ಅದನ್ನು ಉಜ್ಜಿ, ನಾಲ್ಕು ಬೆರಳು ಮೇಲೆ ಕೆಂಪು ಬಣ್ಣದಲ್ಲಿ ನೇರವಾಗಿ ಒಂದು ಗೆರೆ ಎಳೆದ. ಇಷ್ಟು ವರ್ಷದ ಕಸುಬಿನಲ್ಲಿ ಅವನ ಕೈಯಿಂದ ಬಂದ ಮೊದಲ ಸುಳ್ಳು ಗೆರೆ. ನೋಡುವುದಕ್ಕೆ ಉಳಿದೆಲ್ಲ ಗೆರೆಗಳಷ್ಟೇ ಚೆನ್ನಾಗಿತ್ತು.

ಸಂಜೆ ಪಟಾಕಿ ಚೌಕಟ್ಟಿಗೆ ಬೆನ್ನು ಕೊಟ್ಟಳು. ಉಸಿರೆಳೆದು, ಕತ್ತು ನೀಡಿ, ಕಣ್ಣು ಮುಚ್ಚಿದಳು.

“ಹಿಮ್ಮಡಿ ಎತ್ತಬಾರದು,” ಎಂದ ಅವನು. ಮೂಲೆಮಟ್ಟ ಅವಳ ತಲೆ ಮೇಲಿಟ್ಟ. “ಸಾಲ್ದು ಕಂದಾ. ಮುಂದಿನ ವರ್ಷ ನೋಡೋಣ.”

ಅತ್ತು ರಂಪ ಮಾಡುತ್ತಾಳೆ, ಒಂದೆರಡು ದಿನ ಮುನಿಸಿಕೊಳ್ಳುತ್ತಾಳೆ, ಆಮೇಲೆ ಮರೆಯುತ್ತಾಳೆ ಎಂದು ಅವನ ಲೆಕ್ಕ. ಅವಳು ಅಳಲಿಲ್ಲ. ತಿರುಗಿ ಗೆರೆಯನ್ನು ನೋಡಿದಳು, ಅಪ್ಪನ ಗೆರೆ ಸರಿಯಾಗೇ ಇರುತ್ತೆ ಅನ್ನುವ ನಂಬಿಕೆಯಿಂದಲೇ ನೋಡಿದಳು. ಆಮೇಲೆ ಸೀದಾ ಹೋಗಿ ಮಾವನಿಗೆ ಫೋನು ಹಚ್ಚಿದಳು.

“ಮಾವ, ಬೇಗ ಉದ್ದ ಆಗೋಕೆ ಏನ್ ಮಾಡ್ಬೇಕು?”

“ಜೋತು ಬೀಳ್ಬೇಕು ಕಣೇ! ನಾನು ಹಿಂಗೆ ತೆಂಗಿನಮರ ಆಗಿದ್ದು ಹೆಂಗೆ ಅನ್ಕೊಂಡೆ? ದಿನಾ ಜೋತು ಬಿದ್ದೂ ಬಿದ್ದೂ!” ಆ ಕಡೆಯಿಂದ ಮಾವ ನಕ್ಕಿದ್ದು ಇಡೀ ಮನೆಗೆ ಕೇಳಿಸಿತು. ಹುಷಾರಪ್ಪನೂ ನಕ್ಕ. ಗಂಡಾಂತರ ತಪ್ಪಿಸಿದ ಸಮಾಧಾನದಲ್ಲಿ ಅವತ್ತು ಅವನಿಗೆ ಎಲ್ಲಕ್ಕೂ ನಗು ಬರುತ್ತಿತ್ತು.

ಅದಾದ ಮೇಲೆ ಒಂದು ದಿನ ಕೆಲಸ ಬೇಗ ಮುಗಿದು, ಸಂಜೆ ಬಿಸಿಲಿರುವಾಗಲೇ ಅವನು ಮನೆಯ ಬೀದಿಗೆ ತಿರುಗಿದ. ಅವರದು ಮೂರನೇ ಮಹಡಿ. ಅಭ್ಯಾಸದಂತೆ ತಲೆಯೆತ್ತಿ ಬಾಲ್ಕನಿ ನೋಡಿದ. ಬಟ್ಟೆ ಹಾಕುವ ಗಳದಲ್ಲಿ ಕಿತ್ತಳೆ ಬಣ್ಣದ ಹೊಸ ಅಂಗಿ ನೇತಾಡುತ್ತಿತ್ತು. ಒಗೆದು ಹಾಕಿದ್ದಾಳೆ ಅಂದುಕೊಂಡ. ಎರಡು ಹೆಜ್ಜೆ ಇಟ್ಟ ಮೇಲೆ ಅಂಗಿಗೆ ಕಾಲುಗಳಿರುವುದು ಕಂಡಿತು.

ಆ ಗಳ ಬಾಲ್ಕನಿಯ ಮೋಟುಗೋಡೆಯ ನೇರಕ್ಕೆ ಮೇಲೆ ಹೋಗುತ್ತದೆ, ಬಟ್ಟೆಗೆ ಬಿಸಿಲು ಬೀಳಲಿ ಎಂದು ಅವನೇ ಹಾಗೆ ಹಾಕಿದ್ದ. ಪಟಾಕಿಯ ಪಾದಗಳು ಗೋಡೆಯ ಮೇಲ್ಗಡೆ ಗಾಳಿಯಲ್ಲಿ ಆಡುತ್ತಿದ್ದವು. ಕೈಬಿಟ್ಟರೆ ಒಳಗೆ ಬೀಳುತ್ತಾಳೋ ಹೊರಗೆ ಬೀಳುತ್ತಾಳೋ ದೇವರೇ ಬಲ್ಲ.

ಹುಷಾರು ಎಂಬ ಮಾತು ಗಂಟಲ ತನಕ ಬಂತು. ಕಂಡಕಂಡವರಿಗೆಲ್ಲ ಹೇಳಿದ ಮಾತು, ಜೀವಮಾನದಲ್ಲಿ ಒಂದೇ ಒಂದು ಸಲ ನಿಜವಾಗಿ ಬೇಕಾಗಿದ್ದಾಗ ಅದನ್ನು ಹೇಳುವ ಹಾಗಿರಲಿಲ್ಲ. ಕೂಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಕೈ ಬಿಡುತ್ತಾಳೆ. ಅವನು ಬಾಯಿಗೆ ಮುಷ್ಟಿ ಇಟ್ಟುಕೊಂಡು, ಹತಾರದ ಚೀಲ ಬೀದಿಯಲ್ಲೇ ಬಿಟ್ಟು ಮೆಟ್ಟಿಲಿಗೆ ಓಡಿದ.

ಮೊದಲ ಮಹಡಿ ದಾಟುವಾಗ ಅವನಿಗೆ ಗಳ ಹೊತ್ತ ಎಡಗಡೆಯ ಕೊಕ್ಕೆ ನೆನಪಾಯಿತು. ಗಳ ಹಾಕಿದ ದಿನ ಉದ್ದದ ಸ್ಕ್ರೂ ಮುಗಿದುಹೋಗಿತ್ತು. ಹಸಿವಾಗಿತ್ತು, ಒಳಗಿಂದ ಹೆಂಡತಿ ಊಟಕ್ಕೆ ಕರೆಯುತ್ತಿದ್ದಳು. ಬಟ್ಟೆಗೆ ಸಾಕು ಬಿಡು, ನಾಳೆ ಬದಲಾಯಿಸೋಣ ಎಂದು ಗಿಡ್ಡ ಸ್ಕ್ರೂ ಹಾಕಿ ಇಳಿದಿದ್ದ. ಆ ನಾಳೆ ಬಂದೇ ಇರಲಿಲ್ಲ. ಅವನು ಹೆದರುತ್ತಿದ್ದ ಆ ಯಾರೋ ಒಬ್ಬ ಬೇರೆ ಯಾರೂ ಅಲ್ಲ, ಅವನೇ. ಬೀದಿಯಿಂದ ಧೊಪ್ಪೆಂಬ ಸದ್ದು ಬರುತ್ತದೇನೋ ಎಂದು ಕಿವಿ ಕೊಡುತ್ತ, ಕಿವಿ ಕೇಳದೆ ಹೋಗಲಿ ಎಂದು ಬೇಡುತ್ತ ಅವನು ಮೇಲೆ ಬಂದ.

ಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ಹೊಲಿಗೆಯ ಮಿಷಿನ್ನು ಗಿರಗಿರ ಅನ್ನುತ್ತಿತ್ತು, ಅವಳಿಗೆ ಏನೂ ಗೊತ್ತಿಲ್ಲ. ಬಾಲ್ಕನಿಯಲ್ಲಿ ಗುಂಡ ಸ್ಟೂಲನ್ನು ತಬ್ಬಿಕೊಂಡು ಗಂಭೀರವಾಗಿ ಎಣಿಸುತ್ತಿದ್ದ. “ಒಂದು, ಎರಡು, ಏಳು, ಎರಡು...”

ಹುಷಾರಪ್ಪ ಸದ್ದಿಲ್ಲದೆ ಹಿಂದಿನಿಂದ ಹೋಗಿ ಮಗಳ ಸೊಂಟಕ್ಕೆ ಎರಡೂ ತೋಳು ಹಾಕಿ ಒಳಕ್ಕೆ ಎಳೆದುಕೊಂಡ. ಅವಳ ಕೂದಲ ಮೇಲೆ ಗಾರೆಯ ಪುಡಿ ಬಿದ್ದಿತ್ತು. ತಲೆಯೆತ್ತಿದ. ಎಡಗಡೆಯ ಕೊಕ್ಕೆ ಗೋಡೆಯಿಂದ ಅರ್ಧ ಆಚೆ ಬಂದಿತ್ತು.

“ಅಯ್ಯೋ ಅಪ್ಪಾ! ಇಪ್ಪತ್ತು ಆಗೋ ತನಕ ಇರ್ಬೇಕಿತ್ತು! ಎಲ್ಲಾ ಕೆಡಿಸ್ಬಿಟ್ಟೆ!” ಪಟಾಕಿ ಸಿಡಿದಳು. ಅವನ ತೋಳಿನಿಂದ ಜಾರಿ ಓಡಿಹೋಗಿ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. “ನೋಡು, ಈಗ ನೋಡು. ಬಂತಾ?”

ಅವನು ಇನ್ನೂ ಆ ಕೊಕ್ಕೆಯನ್ನೇ ನೋಡುತ್ತಿದ್ದ. ಅವಳೇ ತಲೆ ಮೇಲೆ ಅಂಗೈ ಇಟ್ಟುಕೊಂಡು ತಿರುಗಿ ನೋಡಿದಳು. ಕೆಂಪು ಗೆರೆ ಇನ್ನೂ ಮೇಲಿತ್ತು.

“ಇನ್ನೂ ಬಂದಿಲ್ಲ. ಪರ್ವಾಗಿಲ್ಲ, ನಾಳೆ ಜಾಸ್ತಿ ಹೊತ್ತು ಜೋತು ಬೀಳ್ತೀನಿ.”

“ನಾನೂ,” ಎಂದ ಗುಂಡ.

ಬೈದು, ಹೊಡೆದು, ಗಳ ಕಿತ್ತುಹಾಕಿ ಮುಗಿಸಬಹುದಿತ್ತು. ಆದರೆ ಗಳ ಕಿತ್ತರೆ ಕಿಟಕಿಯಿದೆ, ಮೆಟ್ಟಿಲಿನ ಕಟಕಟೆಯಿದೆ, ಶಾಲೆಯಲ್ಲಿ ಮರವಿದೆ. ಗೆರೆ ಅಲ್ಲಿರುವ ತನಕ ಇವಳು ಜೋತು ಬೀಳುತ್ತಾಳೆ, ಇವಳು ಬಿದ್ದರೆ ಗುಂಡನೂ ಬೀಳುತ್ತಾನೆ. ಗುಟ್ಟಾಗಿ ಅಳಿಸಿ ಕೆಳಗೆ ಎಳೆದರೋ, ಜೋತು ಬಿದ್ದಿದ್ದಕ್ಕೇ ಉದ್ದ ಆದೆ ಎಂದು ಇಡೀ ಶಾಲೆಗೆ ಹೇಳಿಕೊಡುತ್ತಾಳೆ. ಅವನು ಮಗಳ ಮುಂದೆ ನೆಲದ ಮೇಲೆ ಕೂತ.

“ಕಂದಾ, ನೀನು ಗಿಡ್ಡ ಇಲ್ಲ. ಆ ಗೆರೆ ಸುಳ್ಳು. ನಾನೇ ಮೇಲೆ ಹಾಕಿದೆ.”

ಒಳಗೆ ಮಿಷಿನ್ನು ನಿಂತಿತು.

“ಯಾಕೆ?”

“ಆ ರೈಲು ನೋಡಿ ಹೆದರಿಕೆ ಆಯ್ತು. ನೀನು ಹತ್ಬಾರ್ದು ಅಂತ.”

ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. ಗಂಡನ ಮುಖ ನೋಡಿದಳು, ಮಗಳ ತಲೆಯ ಗಾರೆ ನೋಡಿದಳು, ಸ್ಟೂಲು ನೋಡಿದಳು, ಕೊಕ್ಕೆ ನೋಡಿದಳು. ಮಗಳನ್ನು ಎಳೆದು ಅವುಚಿಕೊಂಡಳು. ಅವಳು ಬಾಯಿಗೆ ಬಂದಂತೆ ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೊರಳಿನ ಟೇಪು ತೆಗೆದು, “ಎಷ್ಟು?” ಎಂದಳು. ಅವನು ಕರಡಿಯ ಕೈಯ ಎತ್ತರ ಹೇಳಿದ. ಚೌಕಟ್ಟಿನ ಬುಡದಿಂದ ಟೇಪು ಹಿಡಿದು ಮೇಲಕ್ಕೆ ಬಂದ ಅವಳ ಹೆಬ್ಬೆರಳು ಒಂದು ಕಡೆ ನಿಂತಿತು. ಅಲ್ಲಿ ಉಜ್ಜಿದ ಪೆನ್ಸಿಲಿನ ಚುಕ್ಕೆ ಮಸುಕಾಗಿ ಇನ್ನೂ ಇತ್ತು.

“ಇಲ್ಲಿ ನಿಲ್ಲಮ್ಮ,” ಎಂದಳು.

ಪಟಾಕಿ ನಿಂತಳು. ಅವಳ ತಲೆ ಚುಕ್ಕೆಯನ್ನು ದಾಟಿತ್ತು. ಕುಣಿಯುತ್ತಾಳೆ ಎಂದು ಅವನು ಕಾದ. ಅವಳು ಕುಣಿಯಲಿಲ್ಲ. ಚೌಕಟ್ಟಿನ ಮೇಲಿದ್ದ ತನ್ನ ಹಳೆಯ ಗೆರೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು.

“ಇವು?”

“ಇವೆಲ್ಲಾ ನಿಜ ಕಂದಾ. ಆಣೆಗೂ ನಿಜ.”

ಅವಳು ಅಪ್ಪನನ್ನು ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿ, “ಅಮ್ಮಾ, ಇವನ್ನೂ ನಿನ್ನ ಟೇಪಲ್ಲಿ ನೋಡು,” ಎಂದಳು.

ಇದಕ್ಕಿಂತ ಆ ಕೊಕ್ಕೆ ತನ್ನ ತಲೆ ಮೇಲೆ ಬಿದ್ದಿದ್ದರೆ ವಾಸಿಯಿತ್ತು ಅನಿಸಿತು ಅವನಿಗೆ.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಗಳವನ್ನು ಇಳಿಸಿ, ಮೋಟುಗೋಡೆಯಿಂದ ಒಳಕ್ಕೆ, ಸ್ಟೂಲು ಹತ್ತಿದರೂ ಎಟುಕದಷ್ಟು ಎತ್ತರಕ್ಕೆ ಉದ್ದದ ಸ್ಕ್ರೂ ಹಾಕಿ ಬಿಗಿದ. ತಾನೇ ಜೋತು ಬಿದ್ದು ನೋಡಿದ. ಭಾವಮೈದನಿಗೆ ಫೋನು ಮಾಡಿ, ಹೊರಡುವ ದಿನ ಯಾವುದು ಎಂದು ಕೇಳಿದ. ರೈಲಿನಲ್ಲಿ ಮಗಳ ಪಕ್ಕ ತಾನೇ ಕೂರುತ್ತೇನೆ ಎಂದಾಗ ಆ ಕಡೆಯಿಂದ ನಗು ಬರಲಿಲ್ಲ. ಅಕ್ಕ ಎಲ್ಲ ಹೇಳಿದ್ದಳೆಂದು ಕಾಣುತ್ತದೆ. ಹೆದರಿಕೆ ಕಮ್ಮಿಯಾಗಿತ್ತೇ? ಎಲ್ಲಿಯ ಮಾತು! ಆ ಹಸಿರು ರೈಲು ಈಗಲೂ ಅವನ ತಲೆಯಲ್ಲಿ ತುದಿಗೆ ಬಂದು ನಿಲ್ಲುತ್ತಿತ್ತು. ಅದರ ಜೊತೆಗೆ ಗಾಳಿಯಲ್ಲಿ ಆಡುವ ಎರಡು ಪಾದಗಳು ಸೇರಿಕೊಂಡಿದ್ದವು, ಅಷ್ಟೇ.

ಕೊನೆಗೆ ಮರಳುಕಾಗದ ತೆಗೆದುಕೊಂಡು ಚೌಕಟ್ಟಿನ ಕೆಂಪು ಗೆರೆಯನ್ನು ಮರ ಕಾಣುವ ತನಕ ಉಜ್ಜಿದ. ಕಿವಿಯಿಂದ ಪೆನ್ಸಿಲು ತೆಗೆದು, ಸರಿಯಾದ ಜಾಗದಲ್ಲಿ ಹೊಸ ಗೆರೆ ಎಳೆಯಲು ಮೂಲೆಮಟ್ಟ ಇಟ್ಟ. ಪಟಾಕಿ ಬಂದು ಪಕ್ಕದಲ್ಲಿ ನಿಂತಳು. ಕೈಯಲ್ಲಿ ಅಮ್ಮನ ಟೇಪಿತ್ತು. ಅದರ ಒಂದು ತುದಿಯನ್ನು ನೆಲಕ್ಕೆ ಒತ್ತಿಹಿಡಿಯಲು ಗುಂಡನಿಗೆ ಹೇಳಿದಳು, ಇನ್ನೊಂದು ತುದಿಯನ್ನು ತಾನು ಹಿಡಿದು ಅಪ್ಪನ ಪೆನ್ಸಿಲಿನ ಮೊನೆಯನ್ನೇ ನೋಡಿದಳು.

“ಹುಷಾರು ಅಪ್ಪಾ,” ಎಂದಳು. “ಈ ಸಲ ಸರಿಯಾಗಿ ಹಾಕು.”

ಎಷ್ಟೋ ಮನೆಯ ಬಾಗಿಲು ಕೂರಿಸಿದ ಕೈ ಅದು. ಮೊದಲ ಸಲ ಅವನ ಗೆರೆ ಸೊಟ್ಟಗಾಯಿತು.